ನಾಲ್ಕು ತೂತು ಹೊಂದಿದರೆ ಸಾಕಾ? ಸ್ವಿಫ್ಟ್‌ಗೆ ಹಳೆ ಅಲಾಯ್ ಕೂರುತ್ತೋ ಇಲ್ಲವೋ ನೋಡುವುದು ಹೇಗೆ

ಕೇಶ್ವಾಪುರ_ಸ್ವಿಫ್ಟ್ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ ರೀ. ನನ್ನದು 2018ರ ಸ್ವಿಫ್ಟ್, ವಿಎಕ್ಸ್‌ಐ. ಕಬ್ಬಿಣದ ಡಿಸ್ಕು (ಟೈರು ಕೂರುವ ಗಾಲಿ), 165/80 ಆರ್14 ಟೈರು. ಹೋದ ತಿಂಗಳು ಮಳೆಯಲ್ಲಿ ನೀರು ತುಂಬಿದ ಗುಂಡಿ ಕಾಣಲಿಲ್ಲ. ಎಡಗಡೆಯ ಎರಡೂ ಡಿಸ್ಕು ಬಗ್ಗಿದವು. ಒಂದನ್ನು ಬಡಿದು ಸರಿ ಮಾಡಿಕೊಟ್ಟರು. ಇನ್ನೊಂದು ಆಗಲ್ಲ ಅಂದರು. ಹೇಗೂ ಖರ್ಚು ಬಂದೇ ಬಂತು, ನಾಲ್ಕೂ ಅಲಾಯ್ (ಮಿಶ್ರಲೋಹದ ಗಾಲಿ) ಹಾಕಿಸಿಬಿಡೋಣ ಅಂತ ಆಸೆ ಹುಟ್ಟಿತು.

ಇವತ್ತು ಒಂದು ಗುಜರಿ ಅಂಗಡಿಯಲ್ಲಿ 15 ಇಂಚಿನ ನಾಲ್ಕು ಅಲಾಯ್ ನೋಡಿದೆ. ಚಂದ ಇವೆ. ನಾಲ್ಕಕ್ಕೂ ಸೇರಿ 12 ಸಾವಿರ ಹೇಳಿದ. ಯಾವ ಗಾಡಿಯದು ಅಂತ ಕೇಳಿದರೆ, "ನಾಲ್ಕು ಬೋಲ್ಟಿನ ಗಾಡಿಗೆಲ್ಲ ಕೂಡ್ತಾವ, ಕಣ್ಣು ಮುಚ್ಚಿ ಒಯ್ರಿ" ಅಂದ. ನಾನೂ ಪೂರ್ತಿ ದಡ್ಡ ಅಲ್ಲ, ಟೇಪ್ ಹಿಡಿದು ಎದುರುಬದುರು ತೂತು ಅಳೆದೆ. ಹತ್ತು ಸೆಂಟಿಮೀಟರ್ ಹತ್ತಿರ ಬಂತು. ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟು ಬಂದೆ. ಮನೆಗೆ ಬಂದ ಮೇಲೆ ಏನೋ ಕಸಿವಿಸಿ. ತೂತು ಹೊಂದಿದರೆ ಸಾಕಲ್ವಾ? ಬೇರೆ ಏನಾದರೂ ನೋಡಬೇಕಾ?

ಟೋಲ್‌ನಾಕಾ_ಹುಡುಗ · ಶನಿವಾರ ರಾತ್ರಿ

ಸೂಪರ್ ಅಣ್ಣಾ. ಹಾಕಿಸಿ. ಫೋಟೋ ಮರೀಬೇಡಿ.

ಲೇತ್_ಕಾಕಾ · ಶನಿವಾರ ರಾತ್ರಿ

ತಮ್ಮಾ, ಉಳಿದ 11 ಸಾವಿರ ಜೇಬಿನಲ್ಲೇ ಇರಲಿ. "ಹತ್ತಿರ ಬಂತು" ಅನ್ನೋದು ಬಾಗಿಲ ಚೌಕಟ್ಟಿಗೆ ನಡೀಬಹುದು, ಗಾಲಿಗೆ ನಡೆಯಲ್ಲ.

ತಾರಿಹಾಳದಲ್ಲಿ ಲೇತ್ ಮುಂದೆ ಮೂವತ್ತು ವರ್ಷ ನಿಂತವನು ನಾನು. ಬೋಲ್ಟು ಬಗ್ಗಿಸಿಕೊಂಡು, ಹಬ್ (ಗಾಡಿಯಲ್ಲಿ ಗಾಲಿ ಕೂರುವ ನಡುಭಾಗ) ಹಾಳು ಮಾಡಿಕೊಂಡು ಬಂದವರನ್ನು ಸಾಕಷ್ಟು ನೋಡಿದ್ದೇನೆ. ಎಲ್ಲರೂ ಹೇಳೋದು ಒಂದೇ ಮಾತು: "ಕೂತಿತ್ತಲ್ಲ ಕಾಕಾ!" ಕೂರೋದು ಬೇರೆ, ಹೊಂದೋದು ಬೇರೆ.

ನಿನ್ನ ಸ್ವಿಫ್ಟಿನದು 4×100. ಅಂದರೆ ನಾಲ್ಕು ಬೋಲ್ಟು, ಅವುಗಳ ನಡುಬಿಂದುಗಳ ಮೇಲೆ ಒಂದು ವೃತ್ತ ಎಳೆದರೆ ಅದರ ಅಡ್ಡಳತೆ 100 ಮಿ.ಮೀ. ಇದಕ್ಕೆ ಪಿಸಿಡಿ ಅಂತಾರೆ. ಈಗ ಕೇಳು. ನಮ್ಮ ರಸ್ತೆಯಲ್ಲಿ ಓಡಾಡಿದ ಫಿಯೆಟ್ ಪುಂಟೊ, ಲಿನಿಯಾಗಳದು 4×98. ವ್ಯತ್ಯಾಸ ಬರೀ 2 ಮಿ.ಮೀ. ನಿನ್ನ ಟೇಪಿಗೆ ಅದು ಕಾಣೋದೇ ಇಲ್ಲ.

ಇನ್ನೊಂದು ಮೋಸ ಇದೆ. ಬೋಲ್ಟಿನ ದಪ್ಪ 12 ಮಿ.ಮೀ. ಗಾಲಿಯ ತೂತು ಅದಕ್ಕಿಂತ ದೊಡ್ಡದೇ ಇರುತ್ತೆ. ಹಾಗಾಗಿ 98ರ ಗಾಲಿ 100ರ ಬೋಲ್ಟಿನ ಮೇಲೆ ಒತ್ತಿದರೆ ಹೋಗಿ ಕೂರುತ್ತದೆ. ನಟ್ಟೂ ಹಿಡಿಯುತ್ತದೆ. ಆದರೆ ನಟ್ಟಿನ ಮೂತಿ ಇಳಿಜಾರಾಗಿರುತ್ತದೆ, ಗಾಲಿಯ ತೂತಿನ ಬಾಯೂ ಹಾಗೇ. ಎರಡೂ ಸುತ್ತಲೂ ಸಮ ಕಚ್ಚಬೇಕು. ನಡುಬಿಂದು ಒಂದು ಮಿ.ಮೀ. ಆಚೆ ಹೋದರೂ ಒಂದೇ ಪಕ್ಕ ಕಚ್ಚುತ್ತದೆ. ಬಿಗಿ ಮಾಡಿದಷ್ಟೂ ಬೋಲ್ಟು ಬಗ್ಗುತ್ತದೆ. ಓಡ್ತಾ ಓಡ್ತಾ ನಟ್ಟು ಸಡಿಲ ಆಗುತ್ತದೆ. ಮುಂದಿನದು ನಾನು ಬರೆಯಲ್ಲ, ರಾತ್ರಿ ಹೊತ್ತು.

ನಾಳೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಒಯ್ದು ಅಳೆ. ತೂತಿನ ನಡುಬಿಂದು ಹುಡುಕಲು ಹೋಗಬೇಡ, ತಪ್ಪಾಗುತ್ತದೆ. ಈ ತೂತಿನ ಎಡ ಅಂಚಿನಿಂದ ಎದುರು ತೂತಿನ ಎಡ ಅಂಚಿಗೆ ಅಳೆ. ಅದೇ ಪಿಸಿಡಿ.

ಹಾವೇರಿ_ಮೆಣಸಿನಕಾಯಿ · ಭಾನುವಾರ ಬೆಳಿಗ್ಗೆ

ಕಾಕಾ, ಐದು ಬೋಲ್ಟಿನದಕ್ಕೆ ಎದುರು ತೂತೇ ಇರಲ್ವಲ್ಲ? ನಮ್ಮ ಭಾವನ ಬ್ರೆಝಾಗೆ ಗಾಲಿ ನೋಡ್ತಾ ಇದೀವಿ.

ಲೇತ್_ಕಾಕಾ · ಭಾನುವಾರ ಬೆಳಿಗ್ಗೆ

ಐದಿದ್ದರೆ ಪಕ್ಕಪಕ್ಕದ ಎರಡು ತೂತು ಅಳೆ. ಅದೇ ಎಡ ಅಂಚಿನಿಂದ ಎಡ ಅಂಚಿಗೆ. ಬಂದದ್ದನ್ನು 1.7ರಿಂದ ಗುಣಿಸು. 58.8 ಬಂದರೆ ಪಿಸಿಡಿ 100. 65.8 ಬಂದರೆ 112. 67.2 ಬಂದರೆ 114.3. ಬ್ರೆಝಾದು 5×114.3, ನಡುವಿನ ತೂತು 60.1. ಫೋಕ್ಸ್‌ವ್ಯಾಗನ್ ಪೋಲೊ ಗಾಲಿ ಸಿಕ್ಕಿದೆ ಅಂತ ಯಾರಾದರೂ ತಂದರೆ ಅದು 5×100, ಬರಲ್ಲ. ಆದರೆ 112ಕ್ಕೂ 114.3ಕ್ಕೂ ವ್ಯತ್ಯಾಸ ಕಡಿಮೆ ನೋಡು, ಅಲ್ಲೂ ಫಿಯೆಟ್ ಕಥೆಯೇ. ಆಕ್ಟೇವಿಯಾ ಗಾಲಿ ಅಗ್ಗಕ್ಕೆ ಸಿಕ್ತು ಅಂತ ಭಾವನಿಗೆ ಹೊರಿಸಬೇಡ. ಅಕ್ಕ ಮನೆಗೆ ಸೇರಿಸಲ್ಲ.

ಕೇಶ್ವಾಪುರ_ಸ್ವಿಫ್ಟ್ · ಭಾನುವಾರ ಮಧ್ಯಾಹ್ನ

ಕಾಕಾ, ಕಾಲಿಗೆ ಬಿದ್ದೆ. 98. ನಾಲ್ಕು ಸಲ ಅಳೆದೆ, 98. ನಡುವಿನ ತೂತು 58 ಚಿಲ್ಲರೆ.

ಅಂಗಡಿಯವನಿಗೆ ತೋರಿಸಿದರೆ, "ಎರಡು ಮಿಲ್ಲಿಗೆ ಏನಾಗ್ತದ ಸರ್, ಸುತ್ತಿಗೆ ಹಾಕಿ ಕೂರಿಸೋಣ" ಅಂತಾನೆ! ಅಡ್ವಾನ್ಸಿನಲ್ಲಿ 700 ವಾಪಸ್ ಬಂತು. 300 ರೂಪಾಯಿ ಟ್ಯೂಷನ್ ಫೀ ಅಂದುಕೊಂಡೆ.

ಲೇತ್_ಕಾಕಾ · ಭಾನುವಾರ ಮಧ್ಯಾಹ್ನ

98, ನಡುವೆ 58.1. ಫಿಯೆಟ್ಟೇ. ಅವಕ್ಕೆ ಹಬ್ಬಿನಲ್ಲಿ ನೆಟ್ಟ ಬೋಲ್ಟೂ ಇಲ್ಲ, ನಟ್ಟೂ ಇಲ್ಲ. ಹೊರಗಿನಿಂದ ಬೋಲ್ಟು ತಿರುಗಿಸೋದು. ಫೀ ಕಡಿಮೆಯೇ ಆಯಿತು ಬಿಡು.

ಫಿಗೋ_ಅಕ್ಕ · ಭಾನುವಾರ ಸಂಜೆ

ನಡುವಿನ ತೂತಿನ ಅಳತೆಯ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ನಾನು ಧಾರವಾಡ ಸಪ್ತಾಪುರದವಳು. ನನ್ನ ಹಳೆ ಫಿಗೋಗೆ ಎರಡು ವರ್ಷದ ಹಿಂದೆ ಅಲಾಯ್ ಹಾಕಿಸಿದ್ದೆ. ಪಿಸಿಡಿ 4×108, ಸರಿಯಾಗಿಯೇ ಇತ್ತು. ಆದರೂ ಬೈಪಾಸ್‌ನಲ್ಲಿ 80 ದಾಟಿದರೆ ಸ್ಟಿಯರಿಂಗ್ ನಡುಗ್ತಿತ್ತು. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಹಾಕಿದ ಅಂಗಡಿಯವರು "ಮೇಡಂ, ರಸ್ತೆನೇ ಹಾಗಿದೆ" ಅಂದರು. ರಸ್ತೆ ಹಾಗಿದೆ ನಿಜ, ಆದರೆ ಪಕ್ಕದ ಗಾಡಿಯವರು ಯಾರೂ ನನ್ನ ಹಾಗೆ ನಡುಗ್ತಾ ಹೋಗ್ತಿರಲಿಲ್ಲ. ಕೊನೆಗೆ ತೆಗೆಸಿ ಕಬ್ಬಿಣದ್ದನ್ನೇ ಹಾಕಿಸಿದೆ.

ಗದಗ_ಟೈರ್ · ಭಾನುವಾರ ಸಂಜೆ

ಅಕ್ಕಾರ, ನಿಮ್ಮ ಗಾಲಿಗೆ ಹಬ್ ರಿಂಗ್ ಹಾಕಿರಲಿಕ್ಕಿಲ್ಲ ನೋಡ್ರಿ. ಗದಗಿನಲ್ಲಿ ನಮ್ಮದು ಟೈರ್ ಅಂಗಡಿ. ಈ ನಡುಕದ ಕೇಸು ತುಂಬಾ ಬರ್ತವೆ.

ಕಂಪನಿಯ ಗಾಲಿ ಹಬ್ಬಿನ ಮೂತಿಯ ಮೇಲೆ ಸರಿಯಾಗಿ ಕೂರುತ್ತದೆ, ಗಡಿಗೆಯ ಮೇಲೆ ಮುಚ್ಚಳ ಕೂತ ಹಾಗೆ. ಸ್ವಿಫ್ಟಿನ ಹಬ್ಬು 54.1 ಮಿ.ಮೀ., ಹ್ಯುಂಡೈ ಐ20ದೂ 54.1, ಹೋಂಡಾ ಸಿಟಿದು 56.1, ನಿಮ್ಮ ಫಿಗೋದು 63.4. ಹೊರಗಡೆ ಮಾರುವ ಅಲಾಯ್ ಮಾಡುವವರು ಇಷ್ಟೆಲ್ಲ ಬೇರೆ ಬೇರೆ ಮಾಡಲ್ಲ. 73.1ರ ತೂತು ಕೊರೆದು ಎಲ್ಲದಕ್ಕೂ ಒಂದೇ ಅಂತ ಮಾರ್ತಾರೆ. ಫಿಗೋ ಮೇಲೆ ಅದು ಸುತ್ತಲೂ 5 ಮಿ.ಮೀ. ಹತ್ತಿರ ಸಡಿಲ. ಸ್ವಿಫ್ಟ್ ಮೇಲೆ 9.5. ನಡುವೆ ರಿಂಗ್ ಇಲ್ಲದಿದ್ದರೆ ಗಾಲಿಯನ್ನು ನಡುಮಧ್ಯಕ್ಕೆ ತರುವ ಕೆಲಸವೂ ನಟ್ಟಿನ ತಲೆಗೇ ಬೀಳುತ್ತದೆ. ಗಾಡಿ ಜಾಕ್ ಮೇಲಿಂದ ಇಳಿಸಿ ಅವಸರದಲ್ಲಿ ನಟ್ಟು ಬಿಗಿದರೆ ಕೂದಲೆಳೆಯಷ್ಟು ಆಚೀಚೆ ಆಗೇ ಆಗುತ್ತದೆ. ಮಷಿನ್ ಮೇಲೆ ಬ್ಯಾಲೆನ್ಸ್ ಸರಿ ತೋರಿಸುತ್ತದೆ, ಯಾಕಂದರೆ ಅಲ್ಲಿ ಗಾಲಿ ನಡುಮಧ್ಯ ಇರುತ್ತದೆ. ಗಾಡಿ ಮೇಲೆ ಇರಲ್ಲ.

ರಿಂಗ್ ಅಂದರೆ ದೊಡ್ಡ ವಸ್ತು ಅಲ್ಲ. ಹೊರಗೆ 73.1, ಒಳಗೆ ನಿಮ್ಮ ಹಬ್ಬಿನ ಅಳತೆ, ಬಳೆ ಇದ್ದ ಹಾಗೆ. ಪ್ಲಾಸ್ಟಿಕ್ಕಿನದೂ ಸಿಗುತ್ತೆ, ಅಲ್ಯೂಮಿನಿಯಂದೂ ಸಿಗುತ್ತೆ. ತೂತು ದೊಡ್ಡದಿದ್ದರೆ ಹೀಗೆ ಉಪಾಯ ಇದೆ. ಹಬ್ಬಿಗಿಂತ ಸಣ್ಣದಿದ್ದರೆ ಆ ಗಾಲಿ ಮರೆತುಬಿಡಿ.

ಫಿಗೋ_ಅಕ್ಕ · ಭಾನುವಾರ ರಾತ್ರಿ

ಅಯ್ಯೋ ದೇವರೇ. ಒಂದು ಬಳೆಗೋಸ್ಕರ ಆ ಗಾಲಿಗಳನ್ನು ಅರ್ಧ ರೇಟಿಗೆ ಮಾರಿದೆ.

ಕೇಶ್ವಾಪುರ_ಸ್ವಿಫ್ಟ್ · ಮಂಗಳವಾರ ರಾತ್ರಿ

ಎರಡನೇ ಅಧ್ಯಾಯ. ಪರಿಚಯದವರೊಬ್ಬರ ಹತ್ತಿರ ಒಂದು ಸೆಟ್ ಇದೆ. ಈ ಸಲ ವರ್ನಿಯರ್ ಜೊತೆಗೇ ಹೋಗಿದ್ದೆ. ಎಂಟು ತೂತು. ಒಂದು ಬಿಟ್ಟು ಒಂದು ಅಳೆದರೆ ನಾಲ್ಕು 100, ನಾಲ್ಕು 108. ಬೆನ್ನ ಹಿಂದೆ "15×6.5ಜೆ ಇಟಿ38" ಅಂತ ಅಚ್ಚು ಇದೆ, ಜೆಡಬ್ಲ್ಯೂಎಲ್ ಗುರುತೂ ಇದೆ. ನಡುವಿನ ತೂತು 73.1. ಗದಗಿನ ಅಣ್ಣಾ ಹೇಳಿದ್ದೇ. ರಿಂಗ್ ತಗೊಂಡರೆ ಮುಗೀತಲ್ವಾ?

ಲೇತ್_ಕಾಕಾ · ಮಂಗಳವಾರ ರಾತ್ರಿ

ಪಿಸಿಡಿ ಪಾಸ್. ರಿಂಗ್ ಹಾಕಿದರೆ ಹಬ್ಬೂ ಪಾಸ್. ಜೆಡಬ್ಲ್ಯೂಎಲ್ ಅಂದರೆ ಜಪಾನಿನ ಅಲಾಯ್ ಗಾಲಿ ಪರೀಕ್ಷೆಯ ಗುರುತು, ಅದೂ ಒಳ್ಳೆಯದೇ. ಈಗ ಅಸಲಿ ಪರೀಕ್ಷೆ. ಇಟಿ.

ಗಾಲಿಯನ್ನು ಅಗಲಕ್ಕೆ ಎರಡು ಭಾಗ ಮಾಡುವ ಗೆರೆ ಒಂದು ಅಂದುಕೋ. ಹಬ್ಬಿಗೆ ಅಂಟಿ ಕೂರುವ ಮುಖ ಇನ್ನೊಂದು. ಈ ಎರಡರ ನಡುವಿನ ದೂರವೇ ಇಟಿ. ಈಗಿನ ಕಾರುಗಳಲ್ಲಿ ಆ ಮುಖ ನಡುಗೆರೆಗಿಂತ ಹೊರಗಡೆ ಇರುತ್ತದೆ. ಇಟಿ ಜಾಸ್ತಿ ಇದ್ದಷ್ಟೂ ಗಾಲಿ ಗಾಡಿಯೊಳಗೆ ಸರಿಯುತ್ತದೆ. ಕಡಿಮೆ ಆದಷ್ಟೂ ಹೊರಗೆ ಬರುತ್ತದೆ.

ಅದರ ಜೊತೆ ಅಗಲವೂ ಸೇರುತ್ತದೆ. ಲೆಕ್ಕಕ್ಕೆ ಅಂತ ಒಂದು ಗಾಲಿ 5.5ಜೆ ಇಟಿ45 ಇದೆ ಅಂದುಕೋ. 5.5ಜೆ ಅಂದರೆ ಅಗಲ 5.5 ಇಂಚು, 139.7 ಮಿ.ಮೀ., ಅರ್ಧ ಮಾಡಿದರೆ 69.85. ಅದರಲ್ಲಿ 45 ಕಳೆದರೆ 24.85. ಹಬ್ಬಿನ ಮುಖದಿಂದ ಗಾಲಿ ಇಷ್ಟು ಹೊರಗೆ ಬರುತ್ತದೆ. ಈಗ ನಿನ್ನ 6.5ಜೆ ಇಟಿ38. ಅರ್ಧ ಅಗಲ 82.55. 38 ಕಳೆ, 44.55. ಅಂದರೆ ಸುಮಾರು 20 ಮಿ.ಮೀ. ಹೊರಗೆ ಬಂತು. ಒಳಗಿನದಕ್ಕೆ ಕಳೆಯಬೇಡ, ಕೂಡು. 114.85 ಇದ್ದದ್ದು 120.55 ಆಯಿತು. ಶಾಕ್ ಅಬ್ಸಾರ್ಬರ್ ಕಡೆಗೆ 6 ಮಿ.ಮೀ. ಹೋಯಿತು.

ನಿನ್ನ ಕಬ್ಬಿಣದ ಡಿಸ್ಕಿನ ಮೇಲೂ ಅಚ್ಚು ಇರುತ್ತದೆ. ತುಕ್ಕು ಉಜ್ಜಿ ಓದು. ಓದಲು ಬರದಿದ್ದರೆ ಗಾಲಿ ಬೋರಲು ಹಾಕು. ಅಂಚಿನ ಮೇಲೆ ನೆಟ್ಟಗಿನ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ಬಿಗೆ ಕೂರುವ ಮುಖದ ತನಕ ಆಳ ಅಳೆ. ಹೊಸದಕ್ಕೂ ಹಾಗೇ ಮಾಡು. ಎರಡರ ವ್ಯತ್ಯಾಸ ಎಷ್ಟೋ, ಗಾಲಿ ಒಳಗೆ ಅಷ್ಟು ಸರಿಯುತ್ತದೆ.

ಗದಗ_ಟೈರ್ · ಬುಧವಾರ ಬೆಳಿಗ್ಗೆ

ಕಾಕಾ ಲೆಕ್ಕ ಸರಿ, ಒಂದು ಸೇರಿಸ್ತೀನಿ. ಮಡ್‌ಗಾರ್ಡಿಗೆ ಮೊದಲು ತಾಗೋದು ಗಾಲಿಯ ಅಂಚಲ್ಲ, ಟೈರಿನ ಹೊಟ್ಟೆ. 165ರಿಂದ 185ಕ್ಕೆ ಹೋದರೆ ಟೈರು ಎರಡೂ ಕಡೆ ಹತ್ತತ್ತು ಮಿ.ಮೀ. ಊದುತ್ತದೆ. ಇಟಿ 45ರಿಂದ 38ಕ್ಕೆ ಇಳಿದರೆ ಇಡೀ ಗಾಲಿಯೇ 7 ಹೊರಗೆ ಬಂತು. ಹೊರಗೆ 17, ಒಳಗೆ 3. ಅಂಚಿನ ಲೆಕ್ಕವನ್ನೂ ಹಾಕಿ, ಟೈರಿನ ಲೆಕ್ಕವನ್ನೂ ಹಾಕಿ.

ಟೋಲ್‌ನಾಕಾ_ಹುಡುಗ · ಬುಧವಾರ ಬೆಳಿಗ್ಗೆ

ಹೊರಗೆ ಬಂದರೆ ಲುಕ್ ಬರುತ್ತಲ್ಲ ಅಣ್ಣಾ! ನಾನಂತೂ ಹಬ್ಬಿಗೂ ಗಾಲಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಹೊರಗೆ ತಂದಿದೀನಿ.

ಲೇತ್_ಕಾಕಾ · ಬುಧವಾರ ಬೆಳಿಗ್ಗೆ

ಲುಕ್ ಬರುತ್ತೆ. ಅದರ ಹಿಂದೆ ಬೇರಿಂಗ್ ಸದ್ದೂ ಬರುತ್ತೆ. ಉದ್ದ ಹಿಡಿಕೆಯ ಸಲಿಕೆಯಲ್ಲಿ ಮಣ್ಣು ಎತ್ತಿ ನೋಡು, ತುದಿ ಹಿಡಿದಷ್ಟೂ ಕೈ ಸೋಲುತ್ತದೆ. ಹಬ್ ಬೇರಿಂಗಿಗೂ ಹಾಗೇ. ನೀನು ಸ್ಪೇಸರ್ ಹಾಕಿದ ಮೇಲೆ ನಟ್ಟು ಬೋಲ್ಟಿನ ಮೇಲೆ ಎಷ್ಟು ಸುತ್ತು ಹಿಡಿಯುತ್ತಿದೆ? ಎಣಿಸಿದ್ದೀಯಾ?

ಟೋಲ್‌ನಾಕಾ_ಹುಡುಗ · ಬುಧವಾರ ಮಧ್ಯಾಹ್ನ

ಐದು.

ಲೇತ್_ಕಾಕಾ · ಬುಧವಾರ ಮಧ್ಯಾಹ್ನ

ತಮ್ಮಾ, ಇವತ್ತು ಸಂಜೆಯೇ ಸ್ಪೇಸರ್ ತೆಗಿ. ತಮಾಷೆ ಅಲ್ಲ ಇದು. ನಟ್ಟು ಕನಿಷ್ಠ ಬೋಲ್ಟಿನ ದಪ್ಪದಷ್ಟಾದರೂ ಹಿಡಿಯಬೇಕು, ಅಂದರೆ 12 ಮಿ.ಮೀ. ಮಾರುತಿಯ ಮರೆ (ಬೋಲ್ಟಿನ ಮೇಲಿನ ಥ್ರೆಡ್) ಸುತ್ತಿಗೆ 1.25 ಮಿ.ಮೀ. ಲೆಕ್ಕದ್ದು, ಹಾಗಾದರೆ ಹತ್ತು ಸುತ್ತು ಹತ್ತಿರ ಬರಬೇಕು. ನಿನ್ನದು ಅರ್ಧದಲ್ಲಿ ಓಡುತ್ತಿದೆ.

ನವಲಗುಂದ_ಎರಿಹೊಲ · ಬುಧವಾರ ರಾತ್ರಿ

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ನೀವು ಡಾಂಬರಿನ ಮೇಲೆ ನಿಂತು ಮಿಲ್ಲಿಮೀಟರ್ ಅಳೀತೀರಿ. ಮಳೆ ಬಂದಾಗ ನಮ್ಮೂರ ಎರಿ ಮಣ್ಣಿನ ದಾರಿಗೆ ಬನ್ನಿ. ಆ ಮಣ್ಣು ಟೈರಿಗೆ ಅಂಟಿ ಅಂಟಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಅಗಲ ಟೈರ್ ಹಾಕಿ ಜಾಗ ಕಡಿಮೆ ಮಾಡಿಕೊಂಡವರ ಗಾಲಿ ತಿರುಗೋದೇ ನಿಲ್ಲುತ್ತದೆ. ನನ್ನ ತಮ್ಮನ ಕಾರಿಗೆ ಹಾಗೇ ಆಗಿತ್ತು. ಕುರ್ಚಿಗಿ ಹಿಡಿದು ಕೆರೆದು ತೆಗೆದೆವು. ಒಳಗಿನ ಪ್ಲಾಸ್ಟಿಕ್ ಲೈನರ್ ಹರಿದು ಬಂತು. ಹೊಲಕ್ಕೆ ಹೋಗುವ ಗಾಡಿಗೆ ಕಂಪನಿ ಅಳತೆಯೇ ಛಲೋ.

ಹಾವೇರಿ_ಮೆಣಸಿನಕಾಯಿ · ಬುಧವಾರ ರಾತ್ರಿ

ಸ್ವಿಫ್ಟ್ ತಗೊಂಡು ಎರಿ ಹೊಲಕ್ಕೆ ಯಾಕೆ ಹೋಗ್ತೀರಿ ಅಣ್ಣಾ, ಎತ್ತು ಎಲ್ಲಿ ಹೋದವು?

ನವಲಗುಂದ_ಎರಿಹೊಲ · ಬುಧವಾರ ರಾತ್ರಿ

ಎತ್ತು ಮಾರಿಯೇ ಕಾರು ತಗೊಂಡದ್ದು ಮಾರಾಯ.

ಕೇಶ್ವಾಪುರ_ಸ್ವಿಫ್ಟ್ · ಗುರುವಾರ ಬೆಳಿಗ್ಗೆ

ಪಟ್ಟಿ ಇಟ್ಟು ಅಳೆದೆ. ಎಂಟು ತೂತಿನ ಸೆಟ್ ನನ್ನ ಡಿಸ್ಕಿಗಿಂತ ಒಳಗೂ ಜಾಸ್ತಿ, ಹೊರಗೂ ಜಾಸ್ತಿ. ಹೊರಗೆ ಎರಡು ಸೆಂಟಿಮೀಟರ್ ಮೇಲೆ. ಹಿಂದಿನ ಸೀಟಿನಲ್ಲಿ ಅಪ್ಪ, ಅವ್ವ, ಅತ್ತೆ ಕೂತರೆ ಮಡ್‌ಗಾರ್ಡಿಗೆ ತಾಗೋದು ಖಾತ್ರಿ. ಕೈ ಬಿಟ್ಟೆ.

ಹಾಗಾದರೆ ನನ್ನ ಗಾಡಿಗೆ ಏನು ಕೂರುತ್ತೆ ಅಂತ ನೇರವಾಗಿ ಹೇಳಿ. ಟೋಲ್‌ನಾಕಾದ ತಮ್ಮ ಫೋನ್ ಮಾಡಿ 16 ಇಂಚಿಗೆ ಹೋಗಿ ಅಂತಾನೆ.

ಗದಗ_ಟೈರ್ · ಗುರುವಾರ ಮಧ್ಯಾಹ್ನ

ಮೊದಲು ಟೈರಿನ ಒಟ್ಟು ಎತ್ತರ ನೋಡ್ರಿ. ಲೆಕ್ಕ ಸುಲಭ. ಅಗಲದಲ್ಲಿ ಶೇಕಡಾ ಎಷ್ಟೋ ಅದು ಟೈರಿನ ಗೋಡೆ. ಎರಡು ಗೋಡೆ, ಅದರ ಜೊತೆ ಇಂಚನ್ನು 25.4ರಿಂದ ಗುಣಿಸಿ ಕೂಡಿ.

ನಿಮ್ಮ 165/80 ಆರ್14: ಗೋಡೆ 132, ಒಟ್ಟು 619.6 ಮಿ.ಮೀ. ಇದೇ ಸ್ವಿಫ್ಟಿನ ಮೇಲಿನ ಮಾಡೆಲ್ ಝೆಡ್‌ಎಕ್ಸ್‌ಐಗೆ ಕಂಪನಿಯವರೇ 185/65 ಆರ್15 ಕೊಟ್ಟಿದ್ದಾರೆ. ಗೋಡೆ 120, ಒಟ್ಟು 621.5. ವ್ಯತ್ಯಾಸ 2 ಮಿ.ಮೀ. ಮಾತ್ರ. ಸ್ಪೀಡೋಮೀಟರ್ ಮೊದಲಿನ ಹಾಗೇ ತೋರಿಸುತ್ತದೆ. 195/55 ಆರ್16 ಹಾಕಿದರೆ ಒಟ್ಟು 620.9, ಅದೂ ಸರಿಯೇ. ಆದರೆ ಗೋಡೆ 107. ನಿಮ್ಮ ಕಬ್ಬಿಣದ ಡಿಸ್ಕು 132ರ ಗೋಡೆ ಇದ್ದೂ ಬಗ್ಗಿತು. 107ರ ಗೋಡೆ, ಮೇಲೆ ಅಲಾಯ್. ಕಬ್ಬಿಣ ಬಗ್ಗುತ್ತದೆ, ಬಡಿದು ಸರಿ ಮಾಡಬಹುದು. ಅಲಾಯ್ ಸೀಳುತ್ತದೆ. ಸೀಳಿದ್ದನ್ನು ವೆಲ್ಡ್ ಮಾಡಿ ಬಣ್ಣ ಬಳಿದು ಮಾರ್ತಾರೆ, ಹಳೆಯದು ತಗೊಳ್ಳುವಾಗ ಒಳಮೈಯಲ್ಲಿ ವೆಲ್ಡಿಂಗ್ ಗುರುತು ಹುಡುಕಿ. ನನ್ನ ಅಂಗಡಿಗೆ 16 ಇಂಚು ಹಾಕಿದರೆ ಲಾಭ ಜಾಸ್ತಿ, ಆದರೂ ಹೇಳ್ತೀನಿ, 15 ಸಾಕು.

195/65 ಆರ್15 ಮಾತ್ರ ಬೇಡ. ಅದು 634.5 ಆಗುತ್ತದೆ. ಮೀಟರ್ 100 ತೋರಿಸುವಾಗ ಮೊದಲಿಗಿಂತ 2 ಕಿ.ಮೀ. ಜಾಸ್ತಿ ಓಡ್ತಿರ್ತೀರಿ, ಮೇಲೆ ಜಾಗವೂ ಕಡಿಮೆ.

ಟೈರಿನ ಮೇಲಿನ ಭಾರದ ಅಂಕಿಯನ್ನೂ ನೋಡಿ. 88 ಅಂದರೆ ಒಂದು ಟೈರಿಗೆ 560 ಕಿಲೋ. 84 ಅಂದರೆ 500. ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಇಳಿಯಬೇಡಿ. ಗಾಲಿ ಜೊತೆ ಹಳೆ ಟೈರೂ ಬಂದರೆ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ಫಿಗೋ_ಅಕ್ಕ · ಗುರುವಾರ ಸಂಜೆ

ಅಂದರೆ ಅದೇ ಕಾರಿನ ಮೇಲಿನ ಮಾಡೆಲ್‌ನ ಗಾಲಿ ಹುಡುಕಿದರೆ ಈ ಪರೀಕ್ಷೆ ಎಲ್ಲವೂ ಒಂದೇ ಏಟಿಗೆ ಪಾಸ್ ಅಲ್ವಾ? ಪಿಸಿಡಿ, ಹಬ್ಬು, ಇಟಿ ಎಲ್ಲವನ್ನೂ ಕಂಪನಿಯವರೇ ನೋಡಿರ್ತಾರೆ.

ಲೇತ್_ಕಾಕಾ · ಗುರುವಾರ ಸಂಜೆ

ಟೀಚರಮ್ಮ ಒಂದು ಸಾಲಿನಲ್ಲಿ ಮುಗಿಸಿದರು. ನಾನು ನಾಲ್ಕು ದಿನ ಬರೆದೆ.

ಫಿಗೋ_ಅಕ್ಕ · ಗುರುವಾರ ಸಂಜೆ

ನಾನು ಟೀಚರ್ ಅಂತ ಯಾರು ಹೇಳಿದ್ದು?!

ಲೇತ್_ಕಾಕಾ · ಗುರುವಾರ ಸಂಜೆ

ಪ್ರಶ್ನೆ ಕೇಳುವ ರೀತಿ ಹೇಳುತ್ತೆ ತಾಯಿ.

ಹಾವೇರಿ_ಮೆಣಸಿನಕಾಯಿ · ಗುರುವಾರ ರಾತ್ರಿ

ಆರ್‌ಟಿಒ ಕಾಟ ಇಲ್ವಾ ಇದಕ್ಕೆ?

ಗದಗ_ಟೈರ್ · ಗುರುವಾರ ರಾತ್ರಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಡ್ರಿ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಗಾಲಿ ಹಾಕಿ ವಾದ ಮಾಡೋದಕ್ಕಿಂತ ಕಂಪನಿಯದೇ ಅಳತೆ ಇದ್ದರೆ ತಲೆನೋವಿಲ್ಲ. ಹೊರಗಿನ ಅಲಾಯ್ ಹಾಕಿಸಿದರೆ ಇನ್ಶೂರೆನ್ಸ್‌ನವರಿಗೂ ತಿಳಿಸಿ ಪಾಲಿಸಿಯಲ್ಲಿ ಬರೆಸಿ. ಕಳುವಾದ ಮೇಲೆ ನೆನಪಾಗಿ ಪ್ರಯೋಜನ ಇಲ್ಲ.

ಕೇಶ್ವಾಪುರ_ಸ್ವಿಫ್ಟ್ · ಮುಂದಿನ ಭಾನುವಾರ ಬೆಳಿಗ್ಗೆ

ಸಿಕ್ತು! ಹೊಸೂರು ಕಡೆ ಒಬ್ಬರು ತಮ್ಮ ಝೆಡ್‌ಎಕ್ಸ್‌ಐಗೆ 16 ಇಂಚು ಹಾಕಿಸಿಕೊಂಡು ಕಂಪನಿ ಅಲಾಯ್ ಮಾರ್ತಾ ಇದ್ದರು. 2018ರದೇ ಮಾಡೆಲ್. ವರ್ನಿಯರ್‌ನಲ್ಲಿ 100, ನಡುವೆ 54. ವೆಲ್ಡಿಂಗ್ ಗುರುತಿಲ್ಲ. ಟೈರ್ ಇಲ್ಲದ ಬರೀ ಗಾಲಿಗಳನ್ನು ಬ್ಯಾಲೆನ್ಸಿಂಗ್ ಮಷಿನ್ ಮೇಲೆ ತಿರುಗಿಸಿ ನೋಡಿದೆವು, ಒಂದರಲ್ಲಿ ಮಾತ್ರ ಕಣ್ಣಿಗೆ ಕಂಡೂ ಕಾಣದಷ್ಟು ಓಲಾಟ. ಅದನ್ನು ಹಿಂದೆ ಹಾಕ್ತೀನಿ. ಚೌಕಾಸಿ ಮಾಡಿ 16 ಸಾವಿರಕ್ಕೆ ಮುಗೀತು.

ಅವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹೊಳೆಯುವ ನಟ್ಟುಗಳನ್ನೂ ಕೊಟ್ಟರು. ಹಾಕಬಹುದಾ? ಎರಡು ಸುತ್ತು ಹೋಗಿ ಬಿಗಿ ಆಗುತ್ತೆ. ಪಾನಾ ಹಾಕಿದರೆ ಹೋಗಬಹುದು ಅನಿಸುತ್ತೆ.

ಲೇತ್_ಕಾಕಾ · ಭಾನುವಾರ ಬೆಳಿಗ್ಗೆ

ಪಾನಾ ಕೆಳಗಿಡು!!

ಆ ನಟ್ಟು ಎಂ12×1.5 ಇರಬೇಕು. ಹ್ಯುಂಡೈ, ಹೋಂಡಾ, ಫೋರ್ಡ್ ಎಲ್ಲ ಅದೇ. ನಿನ್ನ ಸುಜುಕಿ ಬೋಲ್ಟು ಎಂ12×1.25. ದಪ್ಪ ಒಂದೇ, ಮರೆ ಬೇರೆ. ಬಲ ಹಾಕಿದರೆ ಹೋಗುತ್ತೆ, ಮರೆ ತಿಂದುಕೊಂಡು ಹೋಗುತ್ತೆ. ಆಮೇಲೆ ಬೋಲ್ಟೇ ಬದಲಾಯಿಸಬೇಕು. ಯಾವ ನಟ್ಟೇ ಆಗಲಿ ಬೆರಳಿನಲ್ಲೇ ಐದಾರು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಅದು ನಿನ್ನ ನಟ್ಟಲ್ಲ.

ನಟ್ಟಿನ ಮೂತಿಯನ್ನೂ ನೋಡು. ನಿನ್ನ ಗಾಲಿಯ ತೂತಿನ ಬಾಯಿ ನೆಟ್ಟಗಿನ ಇಳಿಜಾರಿದ್ದರೆ ನಟ್ಟೂ ಹಾಗೇ ಬೇಕು. ಹೋಂಡಾ ಕಂಪನಿ ನಟ್ಟಿನ ಮೂತಿ ಗುಂಡಗೆ, ಗೋಲಿಯ ಹಾಗೆ. ಅದು ಇದರಲ್ಲಿ ಕಚ್ಚಲ್ಲ.

ಗದಗ_ಟೈರ್ · ಭಾನುವಾರ ಮಧ್ಯಾಹ್ನ

ಟೈರ್ ಏರಿಸುವ ಮೊದಲು ಬರೀ ಗಾಲಿಯನ್ನು ಮುಂದಿನ ಹಬ್ಬಿಗೆ ಕಟ್ಟಿ ಕೈಯಿಂದ ತಿರುಗಿಸಿ. ಬ್ರೇಕ್ ಕ್ಯಾಲಿಪರಿಗೆ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಎಲ್ಲೂ ತಾಗಬಾರದು. ನಿಮ್ಮದು ಕಂಪನಿಯದೇ, ತಾಗಲ್ಲ. ಆದರೂ ನೋಡಿ. ಒಳಗೆ ಅಂಟಿಸುವ ಸೀಸದ ತುಂಡು ಕ್ಯಾಲಿಪರಿಗೆ ಉಜ್ಜಿ ಬಿದ್ದದ್ದು ಎಷ್ಟೋ ಸಲ ಕಂಡಿದ್ದೇನೆ.

ಕೇಶ್ವಾಪುರ_ಸ್ವಿಫ್ಟ್ · ಭಾನುವಾರ ರಾತ್ರಿ

ಬೆರಳು ಹೋಗದ ಕಡೆ ಜಾಗ ಎಷ್ಟಿದೆ ಅಂತ ಅಳೆಯೋದು ಹೇಗೆ ಅಂತ ಒದ್ದಾಡ್ತಿದ್ದೆ. ಅವ್ವ ಜೋಳದ ರೊಟ್ಟಿ ಬಡೀತಿದ್ದಳು. ಒಂದು ಮುಟಿಗಿ ಹಿಟ್ಟು ತಂದು ಕ್ಯಾಲಿಪರ್ ಮೇಲೆ ಅಂಟಿಸಿದೆ. ಗಾಲಿ ತಿರುಗಿಸಿದೆ. ಹಿಟ್ಟು ಒಣಗಿ ಪುಡಿಪುಡಿ ಆಗಿ ಬಿತ್ತು.

ಅವ್ವ ನೋಡಿ, "ಜ್ವಾಳದ ಹಿಟ್ಟು ನಿಲ್ಲೂದಿಲ್ಲೋ, ಹೋಳಿಗಿ ಕಣಕ ತಗೋ" ಅಂದಳು. ಗೋಧಿ ಕಣಕ ನಾದಿ ಕೊಟ್ಟಳು. ಅಂಟಿಸಿ ತಿರುಗಿಸಿ, ಗಾಲಿ ಬಿಚ್ಚಿ, ಕಣಕ ಕೊಯ್ದು ವರ್ನಿಯರ್ ಹಿಡಿದೆ. ಅತಿ ತೆಳುವಾದ ಕಡೆ 6 ಮಿ.ಮೀ. ಸಾಕಲ್ವಾ?

ಲೇತ್_ಕಾಕಾ · ಭಾನುವಾರ ರಾತ್ರಿ

ಧಾರಾಳ. 3ಕ್ಕಿಂತ ಕಡಿಮೆ ಇದ್ದರೆ ನಾನು ಬೇಡ ಅಂತಿದ್ದೆ. ಅವ್ವನಿಗೆ ನಮಸ್ಕಾರ ಹೇಳು. ಲೇತಿನಲ್ಲಿ ನನಗೆ ಹೊಳೆಯದ ಉಪಾಯ ಅದು. ಬಿಗಿ ಮಾಡುವಾಗ ಗಾಲಿ ನೆಲಕ್ಕೆ ತಾಗುವ ಮೊದಲೇ ನಾಲ್ಕೂ ನಟ್ಟು ಕೈಯಲ್ಲಿ ಕೂರಿಸು, ಎದುರುಬದುರು ಬಿಗಿ ಮಾಡು, ಇಳಿಸಿದ ಮೇಲೆ ಟಾರ್ಕ್ ಪಾನಾದಲ್ಲಿ ಕೊನೆಯ ಬಿಗಿ. ಎಷ್ಟು ಅಂತ ಗಾಡಿಯ ಕೈಪಿಡಿಯಲ್ಲಿದೆ. ಪೈಪ್ ಹಾಕಿ ಮೇಲೆ ನಿಂತು ಕುಣಿಯೋದು ಬೇಡ.

ಕೇಶ್ವಾಪುರ_ಸ್ವಿಫ್ಟ್ · ಮುಂದಿನ ಶನಿವಾರ ರಾತ್ರಿ

ಹಾಕಿಸಿ ಐದು ದಿನ ಆಯಿತು. 185/65 ಆರ್15, ಭಾರದ ಅಂಕಿ 88. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದೆ, ಎಲ್ಲೂ ಉಜ್ಜಲಿಲ್ಲ. ಹಿಂದೆ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಒಂದು ಚೀಲ ಜೋಳ ಹಾಕಿ, ಉಣಕಲ್ ಕಡೆ ಹಂಪ್ ಮೇಲೆ ಹತ್ತಿಸಿ ಇಳಿಸಿದೆ. ಸದ್ದಿಲ್ಲ. ಅಣ್ಣಿಗೇರಿ ತನಕ ಹೋಗಿ ಬಂದೆ, ನಡುಕ ಇಲ್ಲ. ಬಂದ ಮೇಲೆ ನಟ್ಟು ಮತ್ತೊಮ್ಮೆ ಬಿಗಿ ನೋಡಿದೆ. ಒಂದು ಸ್ವಲ್ಪ ತಿರುಗಿತು.

ಸ್ಟೆಪ್ನಿಗೆ ಹಳೆ 14ರ ಡಿಸ್ಕೇ ಇಟ್ಟಿದ್ದೇನೆ, ಬಗ್ಗದೇ ಇರೋದು. ಎತ್ತರ 2 ಮಿ.ಮೀ. ಅಷ್ಟೇ ವ್ಯತ್ಯಾಸ ಅಂತ ಗದಗಿನ ಅಣ್ಣಾ ಲೆಕ್ಕ ಹಾಕಿ ಕೊಟ್ಟರಲ್ಲ, ಅದೇ ಧೈರ್ಯ.

ಟೋಲ್‌ನಾಕಾ_ಹುಡುಗ · ಶನಿವಾರ ರಾತ್ರಿ

ಫೋಟೋ ಎಲ್ಲಿ ಅಣ್ಣಾ? ಮತ್ತೆ ಕಾಕಾ, ಸ್ಪೇಸರ್ ತೆಗೆದೆ. ಒಂದು ಬೋಲ್ಟಿನ ಮರೆ ಹೋಗಿತ್ತು, ಬದಲಾಯಿಸಿದೆ. ಬೈಬೇಡಿ.

ಲೇತ್_ಕಾಕಾ · ಶನಿವಾರ ರಾತ್ರಿ

ಬೈಯಲ್ಲ. ಒಂದೇ ಹೋಗಿತ್ತಾ, ನಾಲ್ಕೂ ಗಾಲಿ ನೋಡಿದೆಯಾ?

ಟೋಲ್‌ನಾಕಾ_ಹುಡುಗ · ಶನಿವಾರ ರಾತ್ರಿ

ಎರಡು ನೋಡಿದೆ. ನಾಳೆ ಉಳಿದದ್ದು ನೋಡ್ತೀನಿ.

ಫಿಗೋ_ಅಕ್ಕ · ಭಾನುವಾರ ಬೆಳಿಗ್ಗೆ

ಸ್ವಿಫ್ಟ್ ತಮ್ಮಾ, ಆ ಎಂಟು ತೂತಿನ ಸೆಟ್ ಇನ್ನೂ ಇದೆಯಾ? ಅದರಲ್ಲಿ 108 ಇದೆ ಅಂದಿದ್ದೆ. ಫೋರ್ಡ್ 2021ರಲ್ಲಿ ಇಲ್ಲಿನ ಮಾರಾಟಕ್ಕೆ ಕಾರು ಮಾಡೋದು ನಿಲ್ಲಿಸಿದ ಮೇಲೆ ನಮ್ಮ ಅಳತೆಯ ಗಾಲಿ ಹುಡುಕೋದೇ ಒಂದು ಕೆಲಸ ಆಗಿದೆ. 73.1ರಿಂದ 63.4ಕ್ಕೆ ರಿಂಗ್ ಈ ಸಲ ಮೊದಲೇ ತರ್ತೀನಿ.

ಕೇಶ್ವಾಪುರ_ಸ್ವಿಫ್ಟ್ · ಭಾನುವಾರ ಬೆಳಿಗ್ಗೆ

ಇದೆ ಅಕ್ಕಾ. ಟೈರ್ ಸಮೇತ ಕೊಡ್ತಾರೆ, 185/65 ಆರ್15. ಟೈರ್ ಹೊಸದಿದ್ದ ಹಾಗೇ ಇವೆ.

ಗದಗ_ಟೈರ್ · ಭಾನುವಾರ ಮಧ್ಯಾಹ್ನ

ತಡೀರಿ ಅಕ್ಕಾರ. ನಿಮ್ಮ ಫಿಗೋಗೆ 175/65 ಆರ್14 ಅಲ್ವಾ? ಅದು 583 ಮಿ.ಮೀ. ಸ್ವಿಫ್ಟಿನ ಟೈರು 621. ಶೇಕಡಾ ಆರೂವರೆ ಜಾಸ್ತಿ, ಮಡ್‌ಗಾರ್ಡಿನೊಳಗೆ ತಿರುಗೋದೇ ಕಷ್ಟ. ಗಾಲಿ ಮಾತ್ರ ತಗೊಂಡು 185/55 ಆರ್15 ಹಾಕಿ. 584.5 ಬರುತ್ತೆ. ಮೊದಲು ನಿಮ್ಮ ಡಿಸ್ಕಿನ ಹಿಂದಿನ ಇಟಿ ಓದಿ ಹೇಳಿ. 6.5ಜೆ ಇಟಿ38 ನಿಮಗೂ ಹೊರಗೆ ಬರಬಹುದು.

ಫಿಗೋ_ಅಕ್ಕ · ಭಾನುವಾರ ಮಧ್ಯಾಹ್ನ

ಸರಿ. ತಂತಿ ಬ್ರಷ್ ತಗೊಂಡು ಕೆಳಗೆ ಹೋಗ್ತಾ ಇದ್ದೇನೆ. ಕಣಕ ಮನೆಯಲ್ಲೇ ಇದೆ.